ಮಗುವಿನ ಆಪರೇಷನ್ ಮುಂದೂಡಬೇಡಿ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ನೀವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಕನ ಮಗನಿಗೆ ಬಲಗಡೆಯ ಬೀಜ, ಅಂದರೆ ವೃಷಣ, ಇನ್ನೂ ಚೀಲಕ್ಕೆ ಇಳಿದಿಲ್ಲವೆಂದೂ, ಇಂಥವರಿಗೆ ಮುಂದೆ ವೃಷಣದ ಕ್ಯಾನ್ಸರ್ ಬರುವ ಸಂಭವ ಹೆಚ್ಚೆಂದೂ ಡಾಕ್ಟರು ಹೇಳಿದ ಕೂಡಲೇ ನಿಮಗೆ ನನ್ನ ನೆನಪಾದದ್ದು ಸಹಜ. ಆದರೆ ನನ್ನ ಆಪರೇಷನ್ ಹದಿನಾಲ್ಕನೆಯ ವಯಸ್ಸಿನವರೆಗೆ ತಡವಾದದ್ದು ನಿಮ್ಮ ತಪ್ಪೆಂದು ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬೆಳೆದಂತೆ ತಾನೇ ಇಳಿಯುತ್ತದೆ ಎಂದು ಆಗ ನಿಮಗೆ ಹೇಳಿದವರೂ ಡಾಕ್ಟರೇ ಅಲ್ಲವೆ?

ನಿಮ್ಮ ಸಮಾಧಾನಕ್ಕಾಗಿ ಕಳೆದ ವಾರವೇ ತೋರಿಸಿಕೊಂಡು ಬಂದೆ. ಇಲ್ಲಿನ ಡಾಕ್ಟರಮ್ಮ ರಬ್ಬರಿನ ವೃಷಣದ ಮಾದರಿಯೊಂದನ್ನು ನನ್ನ ಕೈಗಿತ್ತು, ಅದರೊಳಗಿನ ಗಂಟನ್ನು ಹುಡುಕಿ ತೋರಿಸೆಂದರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಅವರಿಗೋ ಹಲ್ಲುನೋವಿನ ಮಾತಾಡಿದಷ್ಟೇ ಸಲೀಸು. ಸಣ್ಣ ಮಣಿಯಷ್ಟು ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಎರಡೂ ಬದಿಯನ್ನು ಹೀಗೆಯೇ ನೋಡಿಕೊಳ್ಳಬೇಕಂತೆ, ನೋವಿಲ್ಲದ ಗಂಟನ್ನೂ ಕಡೆಗಣಿಸಬಾರದಂತೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ.

ಸ್ವೀಡನ್ನಿನಲ್ಲಿ ಈ ಆಪರೇಷನ್ ಮಾಡಿಸಿಕೊಂಡ 16,983 ಮಂದಿಯ ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿದೆ. 13 ವರ್ಷಕ್ಕೆ ಮುಂಚೆ ಮಾಡಿಸಿಕೊಂಡವರಲ್ಲಿ ಅಪಾಯ ಉಳಿದವರಿಗಿಂತ ಎರಡು ಪಟ್ಟಿನ ಆಸುಪಾಸಿನಲ್ಲಿದ್ದರೆ, ಅನಂತರ ಮಾಡಿಸಿಕೊಂಡವರಲ್ಲಿ ಐದು ಪಟ್ಟನ್ನೂ ಮೀರಿತ್ತು. ನಾನು ಎರಡನೆಯ ಗುಂಪಿನವನು, ನಿಜ. ಆದರೆ ಗಾಬರಿಯಾಗುವ ಮುನ್ನ ಇದನ್ನೂ ಓದಿ: ಅಷ್ಟೂ ಜನರಲ್ಲಿ, ಅವರನ್ನು ಗಮನಿಸಿದ ವರ್ಷಗಳಲ್ಲಿ, ಕಾಯಿಲೆ ಬಂದದ್ದು 56 ಮಂದಿಗೆ. ಬೇಗ ಗೊತ್ತಾದರೆ ನೂರಕ್ಕೆ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ.

ನನ್ನ ಚಿಂತೆಯೆಲ್ಲ ಮಗುವಿನದು. ಆರು ತಿಂಗಳು ದಾಟಿದ ಮೇಲೆ ಬೀಜ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಆಪರೇಷನ್ ಆಗಿಬಿಡಬೇಕು. ಮೈಯೊಳಗಿನ ಬಿಸಿಗೆ ಬೀಜ ಸೊರಗುತ್ತದೆ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಾಗಬಹುದು. ತೊಡೆಸಂದಿಯಲ್ಲಿ ಸಣ್ಣದಾಗಿ ಕೊಯ್ದು, ಬೀಜವನ್ನು ಚೀಲಕ್ಕಿಳಿಸಿ ಹೊಲಿಗೆ ಹಾಕುತ್ತಾರೆ; ಸಾಮಾನ್ಯವಾಗಿ ಅಂದೇ ಮನೆಗೆ ಕಳಿಸುತ್ತಾರೆ. ಇದರಿಂದ ಕ್ಯಾನ್ಸರಿನ ಅಪಾಯ ಪೂರ್ತಿ ಹೋಗುವುದಿಲ್ಲ, ತಗ್ಗುತ್ತದೆ. ಮುಂದೆಂದಾದರೂ ಗಂಟು ಬಂದರೂ ಕೈಗೆ ಸಿಗುತ್ತದೆ. ಎಳೆಗೂಸಿಗೆ ಕತ್ತರಿ ಬೇಡವೆನ್ನುವ ಅಜ್ಜಿಗೆ ನನ್ನನ್ನೇ ಉದಾಹರಣೆಯಾಗಿ ಹೇಳಿ.

ನಾನು ಗುಂಡುಕಲ್ಲಿನಂತಿದ್ದೇನೆ, ಸದ್ಯಕ್ಕೆ ಏನೂ ಆಗಿಲ್ಲ, ತಿಂಗಳಿಗೊಮ್ಮೆ ತಪ್ಪದೆ ನೋಡಿಕೊಳ್ಳುತ್ತೇನೆ. ಭಾವನಿಗೆ ಈ ಪತ್ರ ತೋರಿಸಿ, ತಾರೀಕು ಗೊತ್ತಾದ ಕೂಡಲೇ ತಿಳಿಸಿ. ಕೆಲಸಕ್ಕೆ ಹೊತ್ತಾಯಿತು.

ನಿಮ್ಮ ಮಗ