ಲೇಬಲ್ಲಿನ ಮೇಲೆ ನಿನ್ನ ಹೆಸರು

ಪ್ರೀತಿಯ ಮಗಳೇ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ನೀನು ಕಳುಹಿಸಿದ ರೇಖಾಚಿತ್ರಗಳನ್ನು ಮೂರು ಸಲ ನೋಡಿದೆ. ಆ ಓರೆ ಮಡಿಕೆಯ ಕೋಟು ಇನ್ನೂ ಕಣ್ಣ ಮುಂದೆಯೇ ಇದೆ. ಆದರೆ ಲೇಬಲ್ಲಿಗೆ ನಿನ್ನದೇ ಹೆಸರಿಡುತ್ತೇನೆ, ಹಣ ಹಾಕುವವರೂ ಸಿಕ್ಕಿದ್ದಾರೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು.

ನಕಲಿನ ಭಯ ನಿನಗೆ ಹೆಚ್ಚು. ಸಹಜವೇ. ಉಡುಪಿನ ಆಕಾರಕ್ಕೆ ಕಾನೂನಿನ ಕಾವಲು ಹಲವು ಕಡೆ ತೆಳುವಾಗಿದೆ. ಅಮೆರಿಕದಲ್ಲಿ ಬಟ್ಟೆಯ ಮೇಲಿನ ಚಿತ್ತಾರಕ್ಕೆ ಕಾಪಿರೈಟ್ ಸಿಗಬಹುದು, ಉಡುಪಿನ ಕತ್ತರಿಕೆಗೆ ಸಿಗುವುದಿಲ್ಲ. ಚಿಯರ್‌ಲೀಡರ್ ಸಮವಸ್ತ್ರಗಳ ಮೊಕದ್ದಮೆಯಲ್ಲಿ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಯುರೋಪ್ ಒಕ್ಕೂಟ ಹೆಚ್ಚು ಉದಾರ: ನೋಂದಾಯಿಸದ ಹೊಸ ವಿನ್ಯಾಸಕ್ಕೂ 3 ವರ್ಷ ರಕ್ಷಣೆ, ನೋಂದಾಯಿಸಿದರೆ 25 ವರ್ಷದವರೆಗೆ. ಎಲ್ಲಿಯೇ ಆಗಲಿ, ಪ್ರದರ್ಶನಕ್ಕೆ ಮೊದಲೇ ವಿನ್ಯಾಸದ ನೋಂದಣಿಗೆ ಅರ್ಜಿ ಹಾಕು. ಒಮ್ಮೆ ಜನ ನೋಡಿಬಿಟ್ಟರೆ ಅದು ಹೊಸದಲ್ಲ ಎನ್ನುವ ದೇಶಗಳಿವೆ.

ಆದರೆ ಕೋಟು ಎರಡು ವರ್ಷದಲ್ಲಿ ಹಳತಾಗುತ್ತದೆ, ಹೆಸರು ಹಾಗಲ್ಲ. ಬಳಸುತ್ತ, ನವೀಕರಿಸುತ್ತ ಹೋದರೆ ಟ್ರೇಡ್‌ಮಾರ್ಕಿಗೆ, ಅಂದರೆ ನೋಂದಾಯಿಸಿದ ವ್ಯಾಪಾರದ ಗುರುತಿಗೆ, ಕೊನೆಯಿಲ್ಲ. ಫ್ರಾನ್ಸಿನ ವಿನ್ಯಾಸಕ ಕ್ರಿಸ್ಟಿಯನ್ ಲೂಬುಟಾನ್ ಅವರ ಪಾದರಕ್ಷೆಯ ಕೆಂಪು ಅಟ್ಟೆಯನ್ನು ನೋಡು. ಮೇಲ್ಭಾಗ ಬೇರೆ ಬಣ್ಣದ್ದಾಗಿದ್ದಾಗ ಆ ಕೆಂಪು ಅವರದೇ ಗುರುತು ಎಂದು 2012ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಒಪ್ಪಿತು.

ಹೆಸರಿಗೆ ಇಷ್ಟು ಬಲವಿರುವುದರಿಂದಲೇ ನನಗೆ ಅಂಜಿಕೆ. ಬ್ರಿಟನ್ನಿನ ರಾಜಕುಮಾರಿ ಡಯಾನಾ ಅವರ ಮದುವೆಯ ಉಡುಪನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಎಲಿಜಬೆತ್ ಇಮ್ಯಾನುಯೆಲ್ ತಮ್ಮ ವ್ಯವಹಾರದ ಜೊತೆಗೆ ಹೆಸರಿನ ಹಕ್ಕನ್ನೂ ವರ್ಗಾಯಿಸಿದ್ದರು. ಆಮೇಲೆ ಅದು ಬೇರೆಯವರ ಕೈ ಸೇರಿತು. ಆ ಹೆಸರಿನಲ್ಲಿ ಮಾರುವ ಉಡುಪುಗಳನ್ನು ಎಲಿಜಬೆತ್ ರೂಪಿಸುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಆ ಗುರುತು ರದ್ದಾಗದು ಎಂದು 2006ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪಿತ್ತಿತು. ಅಮೆರಿಕದ ವಸ್ತ್ರವಿನ್ಯಾಸಕ ಜೋಸೆಫ್ ಅಬೂದ್ 2000ದಲ್ಲಿ ತಮ್ಮ ಹೆಸರಿನ ಗುರುತುಗಳನ್ನು 6.55 ಕೋಟಿ ಡಾಲರಿಗೆ ಮಾರಿದರು. ಮುಂದೆ ಹೊಸ ಉಡುಪುಗಳ ಜಾಹೀರಾತಿನಲ್ಲಿ ತಮ್ಮ ಹೆಸರನ್ನು ಎಷ್ಟರಮಟ್ಟಿಗೆ ಬಳಸಬಹುದೆಂದು ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ನನ್ನದು ಅಂಥ ದೊಡ್ಡ ಕಥೆಯಲ್ಲ, ನೋವು ಮಾತ್ರ ಅದೇ. ಪಾಲುದಾರ ಟ್ರೇಡ್‌ಮಾರ್ಕಿನ ಅರ್ಜಿಯನ್ನು ತನ್ನೊಬ್ಬನ ಹೆಸರಿನಲ್ಲಿ ಹಾಕಿದ್ದ. ನಾನು ಓದದೆ ಸಹಿ ಮಾಡಿದ್ದೆ. ಬೇರೆಯಾದ ದಿನ ಒಂಬತ್ತು ವರ್ಷ ಕಟ್ಟಿದ ಗುರುತು ಅವನ ಪಾಲಾಯಿತು. ಉಳಿದ ಬಟ್ಟೆಗಳಿಂದ ಲೇಬಲ್ಲುಗಳನ್ನು ನಾನೇ ಕೂತು ಬಿಚ್ಚಿದೆ. ಈ ವಿಷಯ ನಿನ್ನ ತಾಯಿಗೂ ಪೂರ್ತಿ ಗೊತ್ತಿಲ್ಲ.

ಆದ್ದರಿಂದ ನಿನ್ನ ಹೆಸರನ್ನು ಬಿಟ್ಟು ಹೊಸ ಪದವೊಂದನ್ನು ಕಟ್ಟು. ನಿಘಂಟಿನಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಸರಕನ್ನೇ ಬಣ್ಣಿಸುವ ಪದಕ್ಕೆ ನೋಂದಣಿ ಸಿಗುವುದು ಕಷ್ಟ. ಟ್ರೇಡ್‌ಮಾರ್ಕಿನ ಅರ್ಜಿಯಲ್ಲಿ ಸರಕುಗಳನ್ನು ವರ್ಗಗಳಾಗಿ ಹೇಳಬೇಕು; ಉಡುಪಿನ 25ನೇ ವರ್ಗದ ಜೊತೆಗೆ ಚೀಲಗಳ 18ನೇ ವರ್ಗವನ್ನೂ ಸೇರಿಸು. ಒಂದು ದೇಶದಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಬೇರೆ ದೇಶಗಳಲ್ಲಿ ಹಾಕಿದರೆ ಮೊದಲ ಅರ್ಜಿಯ ದಿನಾಂಕವೇ ಅಲ್ಲೂ ಲೆಕ್ಕಕ್ಕೆ ಬರುತ್ತದೆ. ಲಾಂಛನ ಬರೆದುಕೊಟ್ಟ ಗೆಳತಿಯಿಂದಲೂ ಹಕ್ಕಿನ ವರ್ಗಾವಣೆಯನ್ನು ಬರಹದಲ್ಲಿ ಪಡೆದುಕೋ. ಸಂಕೋಚ ಬೇಡ.

ಹಣ ಹಾಕುವವರು ಕೊಟ್ಟ ಕರಡು ಒಪ್ಪಂದಕ್ಕೆ ಇನ್ನೂ ಸಹಿ ಹಾಕಿಲ್ಲ ತಾನೇ? ಅದರಲ್ಲಿ ‘ಹೆಸರು’ ಎಂಬ ಪದ ಬರುವ ಪ್ರತಿ ಸಾಲಿನ ಕೆಳಗೂ ಗೆರೆ ಎಳೆದು, ಈ ವಾರವೇ ನನಗೆ ಕಳುಹಿಸು.

ನಿನ್ನ ದೊಡ್ಡಮ್ಮ