ಎಸರು ಕಾಯುವಷ್ಟು ಹೊತ್ತು: ಮಗಳಿಗೊಂದು ಪತ್ರ

ಮಂಡ್ಯ,
ಶನಿವಾರ ಬೆಳಿಗ್ಗೆ

ಪುಟ್ಟಿ,

ಅಮ್ಮನ ಆಶೀರ್ವಾದ. ನಾವಿಬ್ಬರೂ ಕ್ಷೇಮ. ಅಪ್ಪನ ಮಂಡಿನೋವು ಮಾತ್ರ ಹಾಗೇ ಇದೆ. ಮಾತ್ರೆ ನುಂಗಿದ್ರಾ ಅಂದರೆ ಮರೆತೆ ಅನ್ನುತ್ತಾರೆ.

ಮೊನ್ನೆ ಫೋನಿನಲ್ಲಿ ನೀನು ಎರಡು ವಿಷಯ ಹೇಳಿದೆ. ನಿಮ್ಮ ಚರ್ಚಿನ ಸಭೆಯ ಯುವಜನ ಕೂಟಕ್ಕೆ ನಿನ್ನನ್ನೇ ಕಾರ್ಯದರ್ಶಿ ಮಾಡಿದ್ದಾರೆ ಅಂತ ಒಂದು. ಫೋನ್ ಇಡುವ ಮುಂಚೆ ಮೆಲ್ಲಗೆ ಇನ್ನೊಂದು: "ಅಮ್ಮಾ, ನಾನು ಬೈಬಲ್ ತೆಗೆದು ತಿಂಗಳ ಮೇಲಾಯ್ತು. ಯಾವ ಮುಖ ಇಟ್ಕೊಂಡು ಅವರ ಮುಂದೆ ನಿಲ್ಲಲಿ?" ಮೊದಲನೆಯದನ್ನು ಅಪ್ಪ ಬೀದಿಗೆಲ್ಲ ಹೇಳಿ ಬಂದರು. ಎರಡನೆಯದನ್ನು ನಾನು ಅಪ್ಪನಿಗೂ ಹೇಳಿಲ್ಲ. ಫೋನಿನಲ್ಲಿ ಉತ್ತರ ಕೊಟ್ಟರೆ ಅದು ಬುದ್ಧಿವಾದ ಆಗಿಬಿಡುತ್ತದೆ. ನೀನು "ಹೂಂ ಹೂಂ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಒಲೆ ಮೇಲೆ ಎಸರಿಟ್ಟು ಬಂದಿದ್ದೇನೆ, ಅದು ಕಾಯುವವರೆಗೆ ಎಷ್ಟಾಗುತ್ತದೋ ಅಷ್ಟು.

ಎಸರು ಅಂದ ತಕ್ಷಣ ನಿನಗೂ ಅಜ್ಜಿ ನೆನಪಾದಳು, ಅಲ್ವಾ? ಅಜ್ಜಿ ಓದಿದ್ದು ಮೂರನೇ ಕ್ಲಾಸು. ಸೌದೆ ಒಲೆ ಮೇಲೆ ಮುದ್ದೆಗೆ ಎಸರಿಟ್ಟು, ನೀರು ಮರಳುವವರೆಗೆ ಮಣೆ ಮೇಲೆ ಕೂತು ಸತ್ಯವೇದ, ಅಂದರೆ ಕನ್ನಡ ಬೈಬಲ್, ತೆಗೆಯುತ್ತಿದ್ದಳು. ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದೇ ಪದ, ಬಾಯಿಬಿಟ್ಟು ಓದುವುದು. ಹೆಸರುಗಳು ಬಂದರೆ ಎಡವುತ್ತಿದ್ದಳು. "ಈ ಹೆಸರಿನೋನಿಗೆ ಅವರಮ್ಮ ಏನಂತ ಕರೀತಿದ್ಲೋ" ಅಂತ ಗೊಣಗಿ ಮುಂದಕ್ಕೆ ಹೋಗುತ್ತಿದ್ದಳು. ನೀರು ಕುದಿಯಿತೋ, ಪುಸ್ತಕ ಮುಚ್ಚಿ ಹಿಟ್ಟು ಸುರಿಯುವುದು. ವಚನ ಅರ್ಧಕ್ಕೆ ನಿಂತಿದ್ದರೂ ಅಷ್ಟೇ. ನಿಂತ ಜಾಗಕ್ಕೆ ಪೆನ್ಸಿಲ್‌ನಲ್ಲಿ ಒಂದು ಗೀಟು. ಮಾರನೆಯ ದಿನ ಆ ಗೀಟಿನಿಂದ ಮುಂದಕ್ಕೆ.

ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ಹೊಲಿಗೆಯ ಸಂದಿಯಲ್ಲಿ ಇನ್ನೂ ರಾಗಿ ಹಿಟ್ಟು ಕೂತಿದೆ. ಬೈಬಲಿನ ಅರಣ್ಯಕಾಂಡದ ಎರಡು ಹಾಳೆ ಎಣ್ಣೆ ಕುಡಿದು, ಆ ಕಡೆಯ ಅಕ್ಷರ ಈ ಕಡೆ ಕಾಣುತ್ತದೆ. ದಿನಾ ಯಾಕಮ್ಮ ಓದ್ತೀಯ ಅಂತ ಚಿಕ್ಕವಳಿದ್ದಾಗ ಕೇಳಿದ್ದೆ. "ದಿನಾ ಎಸರಿಡ್ತೀನಲ್ಲ" ಅಂದಿದ್ದಳು. ಅದು ಉತ್ತರವೇ ಅಲ್ಲ ಅಂತ ಆಗ ನನಗೆ ಅನಿಸಿತ್ತು.

ನಾನು ಹಾಗಲ್ಲ ನೋಡು, ನರ್ಸಿಂಗ್ ಓದಿದವಳು. ನನ್ನದು ಟೈಂಟೇಬಲ್. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೊಂದು ವಚನ ಬರೆದ ವಾಗ್ದಾನದ ಕಾರ್ಡ್ ಎತ್ತಿಕೊಂಡು ಬಂದವಳೇ ಲೆಕ್ಕ ಹಾಕುತ್ತಿದ್ದೆ. ಒಟ್ಟು 1189 ಅಧ್ಯಾಯ. ದಿನಕ್ಕೆ 3, ಭಾನುವಾರ 5 ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಆದಿಕಾಂಡ ಕತೆ ಥರ ಓಡುತ್ತದೆ. ವಿಮೋಚನಕಾಂಡದಲ್ಲಿ ಕೆಂಪು ಸಮುದ್ರ ದಾಟುವವರೆಗೂ ತೊಂದರೆಯಿಲ್ಲ. ಆಮೇಲೆ ಆರಾಧನೆಯ ಗುಡಾರದ ಅಳತೆ, ಕಂಬ, ಪರದೆ. ಫೆಬ್ರವರಿಗೆ ಯಾಜಕಕಾಂಡ, ಅಲ್ಲಿಗೆ ಗಾಡಿ ನಿಂತಿತು. ಎಷ್ಟು ಜನ ವಿಶ್ವಾಸಿಗಳ ಬೈಬಲ್ ಓದು ಯಾಜಕಕಾಂಡದಲ್ಲಿ ಮಣ್ಣಾಗಿದೆಯೋ ದೇವರಿಗೇ ಗೊತ್ತು. ನನಗೆ ಮಾತ್ರ ಅಲ್ಲಿ 13ನೇ ಅಧ್ಯಾಯ ಹಿಡಿಸಿತು. ಚರ್ಮದ ಮೇಲೆ ಮಚ್ಚೆ ಬಂದವನನ್ನು ಏಳು ದಿನ ಬೇರೆ ಇಟ್ಟು ಮತ್ತೆ ನೋಡಬೇಕು ಅಂತ ಬರೆದಿದೆ, ಥೇಟ್ ನಮ್ಮ ವಾರ್ಡಿನ ಹಾಗೆ. ಬೇರೆಯವರು ಅದನ್ನು ಯಾಕೆ ಓದಬೇಕು ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ.

ಇದೆಲ್ಲ ಇರಲಿ. ನಿನಗೆ ಹೇಳಬೇಕಾದ್ದು ಬೇರೆ ಇದೆ. ಇದುವರೆಗೂ ನಿನಗೆ ಹೇಳಿಲ್ಲ.

ನೀನು ಆರನೇ ಕ್ಲಾಸಿನಲ್ಲಿದ್ದಾಗ ನಾನು ಇಲ್ಲಿ ಸ್ತ್ರೀಯರ ಕೂಟದ ಕಾರ್ಯದರ್ಶಿ ಆಗಿದ್ದೆನಲ್ಲ, ಆಗ ನಾನು ಬೈಬಲ್ ತೆಗೆಯುತ್ತಿರಲಿಲ್ಲ ಅಂತಲ್ಲ. ಜಾಸ್ತಿಯೇ ತೆಗೆಯುತ್ತಿದ್ದೆ. ಕೂಟದ ಹಿಂದಿನ ರಾತ್ರಿ ಕೂತು, ನಾಳೆ ಇವರಿಗೆ ಏನು ಹೇಳಲಿ ಅಂತ ಹುಡುಕುವುದು. ನಾನು ಓದುತ್ತಿದ್ದದ್ದೆಲ್ಲ ಬೇರೆಯವರಿಗಾಗಿ. ಯಾವ ವಚನ ಸಿಕ್ಕರೂ, ಇದು ಇಂಥವಳಿಗೆ ಸರಿಯಾಗಿ ತಾಗುತ್ತದೆ ಅಂತ ಮನಸ್ಸಿನಲ್ಲೇ ಹೆಸರು ಬರೆದಿಟ್ಟುಕೊಳ್ಳುತ್ತಿದ್ದೆ.

ಆ ವರ್ಷ ಚರ್ಚಿನ ಸುಗ್ಗಿ ಹಬ್ಬದ ಹರಾಜು. ನಿನಗೆ ನೆನಪಿರಬೇಕು, ಕಬ್ಬಿನ ಜಲ್ಲೆ, ಬೆಲ್ಲದ ಅಚ್ಚು, ಬೂದಗುಂಬಳ, ನಾಟಿ ಕೋಳಿ ಎಲ್ಲ ಸಾಲಾಗಿ ಇಟ್ಟಿದ್ದರು. ಒಂದು ತೆಂಗಿನಕಾಯಿಯನ್ನು ಅಪ್ಪ ಮೂರು ಸಲ ಕೂಗಿ ಕೊಂಡು, ಮೂರು ಸಲವೂ ಸಭೆಗೇ ವಾಪಸ್ ಕೊಟ್ಟಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿ ಲೆಕ್ಕ ಬರೆಯುತ್ತಿದ್ದಳು. ಸಂಜೆ ಎಣಿಸಿದರೆ 340 ರೂಪಾಯಿ ಕಡಿಮೆ. ಎಲ್ಲರೂ ಪಾತ್ರೆ ತೊಳೆಯುತ್ತಾ ನಿಂತಿದ್ದರು. ಅವರೆಲ್ಲರ ಮುಂದೆ ನಾನು ಅವಳಿಗೆ ವಚನ ಹೇಳಿದೆ. ಲೂಕ 16:10. ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲೂ ನಂಬಿಗಸ್ತನು ಅನ್ನುವ ಮಾತು. ಬೈಯಲಿಲ್ಲ, ದನಿ ಏರಿಸಲಿಲ್ಲ. ವಚನ ಹೇಳಿದೆ, ಅಷ್ಟೇ. ಹುಡುಗಿ ತಲೆಬಗ್ಗಿಸಿ ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದಳು.

ಮನೆಗೆ ಬಂದು ಅಜ್ಜಿಗೆ ಹೇಳಿದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ ಅನ್ನು. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಅದರ ಹಿಂದೆ ಏನೈತೆ?"

ನನಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿತ್ತು. "ಯಜಮಾನನ ಲೆಕ್ಕ ತಿದ್ದಿದ ಪಾರುಪತ್ಯಗಾರನ ಕತೆ ಕಣೇ ಅದು. ಮುಂದೆ ಏನೈತೆ ಓದು" ಅಂದಳು. ಓದಿದೆ. ನಾಲ್ಕು ವಚನ ದಾಟಿದರೆ, ಹಣದಾಸೆಯ ಫರಿಸಾಯರು, ಅಂದರೆ ಧರ್ಮಶಾಸ್ತ್ರದಲ್ಲಿ ಬಲು ಕಟ್ಟುನಿಟ್ಟಿನ ಪಂಗಡದವರು, ಇದನ್ನೆಲ್ಲ ಕೇಳಿ ಹಾಸ್ಯ ಮಾಡಿದರು ಅಂತಿದೆ. ಅದರ ಮುಂದಿನದೇ 15ನೇ ವಚನ. ಜನರ ಮುಂದೆ ನೀತಿವಂತರ ಹಾಗೆ ತೋರಿಸಿಕೊಳ್ಳುವವರು ನೀವು, ದೇವರಿಗೆ ನಿಮ್ಮ ಹೃದಯ ಗೊತ್ತು ಅಂತ ಯೇಸು ಅವರಿಗೆ ಹೇಳುತ್ತಾರೆ. ನಾನು ಪುಸ್ತಕ ಮುಚ್ಚಿದೆ. ಅಜ್ಜಿ ಏನೂ ಅನ್ನಲಿಲ್ಲ. ಅವರೆಕಾಯಿ ಮುಗಿಯುವವರೆಗೂ ಸುಮ್ನೆ ಕೂತಿದ್ದೆವು.

ಎರಡು ದಿನ ಆದಮೇಲೆ ಒಗೆಯಲು ಹಾಕೋಣ ಅಂತ ನನ್ನ ಬಟ್ಟೆ ಬ್ಯಾಗು ಕೊಡವಿದರೆ ಒಳಜೇಬಿನಲ್ಲಿ 340 ರೂಪಾಯಿ. ಮೈಕ್‌ನವನಿಗೆ ಕೊಡಬೇಕು ಅಂತ ಮಧ್ಯಾಹ್ನ ನಾನೇ ಡಬ್ಬಿಯಿಂದ ತೆಗೆದಿಟ್ಟಿದ್ದು. ಆ ಹುಡುಗಿಯ ಮನೆಗೆ ಹೋದೆ. ತಪ್ಪಾಯ್ತು ಅಂದೆ. ಕಾಫಿ ಕೊಟ್ಟಳು, ನಕ್ಕಳು, ಪರವಾಗಿಲ್ಲ ಆಂಟಿ ಅಂದಳು. ಆದರೆ ಮುಂದಿನ ವರ್ಷ ಲೆಕ್ಕದ ಪುಸ್ತಕ ಮುಟ್ಟಲಿಲ್ಲ. ಅದರ ಮುಂದಿನ ವರ್ಷ ಕೂಟಕ್ಕೂ ಬರಲಿಲ್ಲ.

ನನಗೆ ಓದು ಹತ್ತಿದ್ದು ಆಮೇಲೆ. ಭಕ್ತಿಯಿಂದ ಅಲ್ಲ, ಭಯದಿಂದ.

ಒಂದು ಸಲ ಧರ್ಮೋಪದೇಶಕಾಂಡ 17 ತೆಗೆದು ನೋಡು. ಅಲ್ಲಿ ಮುಂದೆ ಬರುವ ಅರಸನಿಗೆ ನಿಯಮ ಇದೆ. ಕುದುರೆ ಜಾಸ್ತಿ ಕೂಡಿಸಬಾರದು, ಹೆಂಡತಿಯರು ಜಾಸ್ತಿ ಬೇಡ, ಬೆಳ್ಳಿ ಬಂಗಾರ ರಾಶಿ ಹಾಕಬಾರದು. ಇವೆಲ್ಲ ಬೇಡಗಳು. ಮಾಡು ಅಂತ ಹೇಳಿರುವುದು ಮುಖ್ಯವಾಗಿ ಒಂದೇ. ಸಿಂಹಾಸನದ ಮೇಲೆ ಕೂತಮೇಲೆ ಧರ್ಮಶಾಸ್ತ್ರದ ಒಂದು ಪ್ರತಿ ಬರೆಸಿ ತನ್ನ ಹತ್ತಿರ ಇಟ್ಟುಕೊಂಡು, ಬದುಕಿರುವಷ್ಟು ದಿನವೂ ಓದಬೇಕು. ಯಾಕೆ ಅಂತಲೂ ಬರೆದಿದೆ. ಚೆನ್ನಾಗಿ ಭಾಷಣ ಮಾಡಲಿ ಅಂತಲ್ಲ. ತನ್ನ ಅಣ್ಣತಮ್ಮಂದಿರಿಗಿಂತ ತಾನು ಮೇಲು ಅಂತ ಅವನ ಮನಸ್ಸು ಉಬ್ಬದಿರಲಿ ಅಂತ. ನನಗೆ ಆ ಹರಾಜಿನ ಸಂಜೆ ಆಗಿದ್ದೇ ಅದು, ಉಬ್ಬು.

ಇನ್ನೊಂದು ಕತೆಯನ್ನು ನೀನು ಸಂಡೇ ಸ್ಕೂಲಿನಲ್ಲಿ ಅರ್ಧ ಕೇಳಿದ್ದೀಯ. ಯೋಷೀಯ ಎಂಟು ವರ್ಷದ ಹುಡುಗನಾಗಿದ್ದಾಗಲೇ ಯೆಹೂದದ ಅರಸನಾದವನು. ಆಳ್ವಿಕೆಯ 18ನೇ ವರ್ಷ ದೇವಾಲಯದ ರಿಪೇರಿ ಮಾಡಿಸುವಾಗ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಓದಿಸಿ ಕೇಳಿದ, ದುಃಖದಿಂದ ಬಟ್ಟೆ ಹರಿದುಕೊಂಡ. ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ ಟೀಚರು. ಉಳಿದ ಅರ್ಧ ಯೆರೆಮೀಯ ಪ್ರವಾದಿಯ ಪುಸ್ತಕದ 36ನೇ ಅಧ್ಯಾಯದಲ್ಲಿದೆ. ಅದು ಅವನ ಮಗ ಯೆಹೋಯಾಕೀಮನದು. ಚಳಿಗಾಲ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಯೆರೆಮೀಯ ಹೇಳಿ ಅವನ ಬರಹಗಾರ ಬಾರೂಕ ಬರೆದ ದೇವರ ಮಾತಿನ ಸುರುಳಿಯನ್ನು ಒಬ್ಬ ಓದುತ್ತಿದ್ದಾನೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅಷ್ಟನ್ನು ಚೂರಿಯಿಂದ ಕೊಯ್ದು ಬೆಂಕಿಗೆ ಹಾಕುವುದು. ಇಡೀ ಸುರುಳಿ ಸುಟ್ಟು ಹೋಯಿತು. ಯಾರೂ ಬಟ್ಟೆ ಹರಿದುಕೊಳ್ಳಲಿಲ್ಲ ಅಂತ ಬೇರೆ ಬರೆದಿದ್ದಾರೆ. ಅಪ್ಪ ಬಟ್ಟೆ ಹರಿದುಕೊಂಡ, ಮಗ ಪುಸ್ತಕ ಕೊಯ್ದ. ಇದನ್ನು ಓದಿದಾಗೆಲ್ಲ ನನಗೆ ಅನಿಸುವುದು, ನಾವೂ ಕೊಯ್ಯುತ್ತೇವೆ. ಬೆಂಕಿಗೆ ಹಾಕಲ್ಲ, ವಾಟ್ಸಾಪ್‌ಗೆ ಹಾಕುತ್ತೇವೆ. ನಮ್ಮ ಗ್ರೂಪಿನಲ್ಲಿ ಗುಲಾಬಿ ಹೂವಿನ ಮೇಲೆ ಯೆರೆಮೀಯ 29:11 ಎಷ್ಟು ಸಲ ಬಂದಿದೆ? ನಿಮಗೆ ಒಳ್ಳೆಯ ಭವಿಷ್ಯ ಇದೆ ಅನ್ನುವ ಮಾತು. ಅದರ ಹಿಂದಿನ ವಚನದಲ್ಲಿ 70 ವರ್ಷ ಅಂತಿದೆ. ಬಾಬೆಲಿಗೆ ಸೆರೆ ಹೋದವರಿಗೆ, ಇನ್ನೂ 70 ವರ್ಷ ತುಂಬಬೇಕು, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಅಂತ ಬರೆದ ಪತ್ರ ಅದು. ಹೂವಿನ ಚಿತ್ರದಲ್ಲಿ 70 ವರ್ಷಕ್ಕೆ ಜಾಗ ಇರಲ್ಲ.

ಈಗ ನಿನ್ನ ವಿಷಯ. ಪಿಜಿಯಲ್ಲಿ ನೀನು ಎಸರಿಡಲ್ಲ, ಗೊತ್ತು. ಆದರೆ ಗೀಸರ್ ಕಾಯುವುದಕ್ಕೆ ಹದಿನೈದು ನಿಮಿಷ ಮಂಚದ ಮೇಲೆ ಕೂತು ಫೋನ್ ತಿಕ್ಕುತ್ತೀಯ ಅಂತ ನೀನೇ ಹೇಳಿದ್ದೆ. ಅದು ನಿನ್ನ ಎಸರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಓದುತ್ತೇನೆ ಅಂತ ಹರಕೆ ಹೊರಬೇಡ. ಮೂರು ದಿನಕ್ಕೆ ನಿಲ್ಲುತ್ತದೆ. ದಿನಕ್ಕೆ ಒಂದು ಅಧ್ಯಾಯ ಸಾಕು. ಹಾಗೆ ಹೋದರೆ ಇಡೀ ಬೈಬಲಿಗೆ ಮೂರು ವರ್ಷ ಮೂರು ತಿಂಗಳು ಹಿಡಿಯುತ್ತದೆ. ಹಿಡಿಯಲಿ, ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ? ಮಾರ್ಕನ ಸುವಾರ್ತೆಯಿಂದ ಶುರು ಮಾಡು, 16 ಅಧ್ಯಾಯ, ಓಟದ ಬರವಣಿಗೆ. ಕಂಪನಿ ಬಸ್ಸಿನಲ್ಲಿ ನಿದ್ದೆ ತೂಗುವಷ್ಟು ಸುಸ್ತಾದ ದಿನ 117ನೇ ಕೀರ್ತನೆ ಓದು. ಎರಡೇ ವಚನ, ನಾಚಿಕೆ ಏನಿಲ್ಲ.

ದಿನ ತಪ್ಪುತ್ತದೆ. ತಪ್ಪಿದಾಗ ಬಾಕಿ ತೀರಿಸಲು ಹೋಗಬೇಡ. ಇದು ನಾನು ನರ್ಸ್ ಆಗಿ ಹೇಳುವ ಮಾತು. ಬೆಳಗಿನ ಮಾತ್ರೆ ಮರೆತೆ ಅಂತ ರಾತ್ರಿ ಎರಡು ನುಂಗುವವರನ್ನು ಬೇಕಾದಷ್ಟು ನೋಡಿದ್ದೇನೆ (ಒಬ್ಬರು ನಮ್ಮ ಮನೆಯಲ್ಲೇ ಇದ್ದಾರೆ). ಐದು ದಿನ ಬಿಟ್ಟು ಭಾನುವಾರ ಐದು ಅಧ್ಯಾಯ ನುಂಗಿದರೆ ಸೋಮವಾರ ಪುಸ್ತಕ ಕಂಡರೆ ವಾಕರಿಕೆ ಬರುತ್ತದೆ. ಗೀಟು ಎಲ್ಲಿದೆಯೋ ಅಲ್ಲಿಂದ ಮುಂದಕ್ಕೆ ಹೋಗು.

ಕೂಟಕ್ಕೆ ತಯಾರಿ ಮಾಡುವುದು ಬೇರೆ, ಇದು ಬೇರೆ. ಎರಡನ್ನೂ ಕಲೆಸಬೇಡ. ಈ ಹದಿನೈದು ನಿಮಿಷದಲ್ಲಿ ಓದಿದ್ದನ್ನು ಅದೇ ವಾರ ಯಾರಿಗೂ ಹೇಳಬೇಡ. ಯಾರದಾದರೂ ಮುಖ ಕಣ್ಣ ಮುಂದೆ ಬಂದರೆ ನಿಲ್ಲಿಸಿ, ಅದೇ ವಚನ ಇನ್ನೊಂದು ಸಲ ಓದು. ಮೊದಲ ಕೂಟದಲ್ಲೇ, ನಾನು ಒಂದು ತಿಂಗಳಿಂದ ಓದಿರಲಿಲ್ಲ, ಈಗ ಶುರು ಮಾಡಿದ್ದೇನೆ ಅಂತ ಹೇಳಿಬಿಡು. ಅಪ್ಪ ಕೇಳಿದರೆ ಬೇಡ ಅನ್ನುತ್ತಾರೆ, ಮರ್ಯಾದೆ ಪ್ರಶ್ನೆ ಅವರಿಗೆ. ನಾನು ಹೇಳು ಅನ್ನುತ್ತೇನೆ. ಅಲ್ಲಿ ಕೂತವರಲ್ಲಿ ಅರ್ಧ ಜನದ್ದೂ ಅದೇ ಕತೆ ಇರುತ್ತದೆ.

ಇನ್ನೊಂದು ಆಸೆ. ಫೋನಿನಲ್ಲಿ ಇಂಗ್ಲಿಷಿನಲ್ಲಿ ಓದುತ್ತೀಯ, ಓದು, ಬೇಡ ಅನ್ನಲ್ಲ. ಆದರೆ ಬೆಳಗಿನ ಓದು ಕನ್ನಡದಲ್ಲಿರಲಿ, ಬಾಯಿಬಿಟ್ಟು. ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಇಡೀ ಬೈಬಲ್ ಕನ್ನಡದಲ್ಲಿ ಹೊರಬರುವ ಹೊತ್ತಿಗೆ 1831 ಆಗಿತ್ತು. ಆಮೇಲೆ ಎಷ್ಟೋ ಜನ ತಿದ್ದಿದ್ದಾರೆ. ಮೂರನೇ ಕ್ಲಾಸಿನ ನಮ್ಮಮ್ಮನ ಮಣೆಯವರೆಗೆ ಅದು ಬಂತಲ್ಲ. ಇಂಗ್ಲಿಷಿನಲ್ಲಿ ನೀನು ಬೇಗ ಓದುತ್ತೀಯ, ಅದೇ ತೊಂದರೆ. ಕನ್ನಡದಲ್ಲಿ ಎಡವುತ್ತೀಯ. ಎಡವಿದ ಕಡೆ ನಿಲ್ಲುತ್ತೀಯ.

ಅಜ್ಜಿಯ ಸತ್ಯವೇದವನ್ನೇ ಕಳಿಸೋಣ ಅಂದುಕೊಂಡೆ. ಬೆನ್ನು ಕಿತ್ತು ಬಂದಿದೆ, ಬಸ್ಸಿನಲ್ಲಿ ಕೊಟ್ಟು ಕಳಿಸುವ ಹಾಗಿಲ್ಲ. ಮುಂದಿನ ಶನಿವಾರ ನೀನೇ ಬಾ. ಟ್ರೇನಿಗೆ ಬಾ, ಬಸ್ಸಿನಲ್ಲಿ ನಿನಗೆ ತಲೆಸುತ್ತು. ಬರುವಾಗ ದೇವರಾಜ ಮಾರ್ಕೆಟ್ಟಿನಿಂದ ಎರಡು ಚಿಪ್ಪು ನಂಜನಗೂಡು ರಸಬಾಳೆ ತಾ. ಒರಿಜಿನಲ್ಲೋ ಅಲ್ಲವೋ ಮೂಸಿ ನೋಡಿ ತಗೊ.

ಒಳಗಿಂದ ತಳ ಹೊತ್ತಿದ ವಾಸನೆ ಬರುತ್ತಿದೆ. ಎಸರು ಪೂರ್ತಿ ಬತ್ತಿ ಹೋಗಿದೆ ಅಂತ ಕಾಣುತ್ತದೆ. ಮತ್ತೆ ನೀರಿಡಬೇಕು. ಒಳ್ಳೆಯದೇ ಆಯಿತು, ಇವತ್ತಿನ ಅಧ್ಯಾಯ ಇನ್ನೂ ಓದಿಲ್ಲ.

ಇಂತಿ,
ಅಮ್ಮ