ಕಾಲೇಜಿಗೆ ಮೊದಲು ಬಂದವರಿಗೂ ಸೀಟು ಸಿಗಲಿ

ಎಂಜಿನಿಯರಿಂಗ್ ಸೀಟು ಹಂಚುವಾಗ, ವಿದ್ಯಾರ್ಥಿ ತನ್ನ ಕಾಲೇಜಿಗೇ ಮೊದಲು ಬಂದಿದ್ದರೂ ಅದಕ್ಕೆ ಬೆಲೆಯಿಲ್ಲ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಅಷ್ಟೇ ಲೆಕ್ಕ. ನಮ್ಮ ಪಕ್ಕದ ಮನೆಯ ಹುಡುಗಿ ಹಾಲು ಕರೆದು, ಡೇರಿಗೆ ಹಾಕಿ, ಏಳರ ಬಸ್ಸು ಹಿಡಿದು ಸರ್ಕಾರಿ ಕಾಲೇಜಿಗೆ ಹೋಗುತ್ತಿದ್ದಳು. ಗಣಿತಕ್ಕೆ ಅತಿಥಿ ಉಪನ್ಯಾಸಕರು ಬಂದಿದ್ದೇ ದಸರಾ ರಜೆ ಮುಗಿದ ಮೇಲೆ. ಆದರೂ ಕಾಲೇಜಿಗೆ ಅವಳೇ ಫಸ್ಟ್. ಲಕ್ಷಗಟ್ಟಲೆ ಕೊಟ್ಟು ಕೋಚಿಂಗ್ ಪಡೆದವರ ಜೊತೆ ಅವಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ ಅಲ್ವಾ? ಗ್ರಾಮೀಣ ಮೀಸಲಾತಿ ಇದೆ, ನಿಜ. ಅಲ್ಲೂ ನೋಡುವುದು ಅದೇ ರ‍್ಯಾಂಕ್.

ಅಮೆರಿಕದ ಟೆಕ್ಸಾಸ್ ರಾಜ್ಯ 1997ರಲ್ಲೇ ಪ್ರತಿ ಹೈಸ್ಕೂಲಿನ ಮೊದಲ ಶೇ 10ರಷ್ಟು ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಕೊಡುವ ಕಾನೂನು ಮಾಡಿತು. ನಮ್ಮಲ್ಲೂ ಪ್ರತಿ ಸರ್ಕಾರಿ ಪಿಯು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಮೊದಲು ಬಂದವರಿಗೆ ಒಂದೊಂದು ಸರ್ಕಾರಿ ಎಂಜಿನಿಯರಿಂಗ್ ಸೀಟು ಮೀಸಲಿಡಲಿ.